ಪ್ರಶ್ನೋತ್ತರ: ಪ್ರಶಸ್ತಿ ಪಟ್ಟಿಯನ್ನು ಕೆಳಗಿನಿಂದ ಓದಿ ನೋಡಿ

ಪ್ರಶ್ನೆ: ಶನಿವಾರ ರಾತ್ರಿ ಊಟ ಮುಗಿಸಿ ಟಿವಿ ಮುಂದೆ ಕೂತರೆ ಯಾವ ಸಿನಿಮಾ ಹಾಕೋದು ಅಂತ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. 'ನೋಡಲೇಬೇಕಾದ ನೂರು ಸಿನಿಮಾ' ಅನ್ನುವಂಥ ಪಟ್ಟಿ ತೆಗೆದರೆ ಎಲ್ಲದರಲ್ಲೂ ಅವೇ ಹೆಸರುಗಳು. ಯಾರೂ ಜಾಸ್ತಿ ಮಾತಾಡದ ಒಳ್ಳೆಯ ಸಿನಿಮಾ ಹುಡುಕುವುದು ಹೇಗೆ?
– ವಿಜಯನಗರದ ಓದುಗರು

ಪಟ್ಟಿಗಳನ್ನು ಬಿಡಬೇಡಿ, ಓದುವ ರೀತಿ ಬದಲಿಸಿ. ಸಾವಿರ ಜನ ಮತ ಹಾಕಿದರೆ ಮೇಲೆ ಬರುವುದು ಎಲ್ಲರೂ ನೋಡಿರುವ ಸಿನಿಮಾ, ಅಲ್ವಾ? ಒಂದು ಸಿನಿಮಾವನ್ನು ಹತ್ತೇ ಜನ ನೋಡಿ, ಹತ್ತೂ ಜನ ಮನಸಾರೆ ಮೆಚ್ಚಿದರೂ ಅದಕ್ಕೆ ಬೀಳುವುದು ಹತ್ತೇ ಮತ. ಹಾಗಾಗಿ ನಿಮಗೆ ಬೇಕಾದ್ದು ಮೊದಲ ಪುಟದಲ್ಲಿ ಸಿಗುವುದು ಕಷ್ಟ.

ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ಇಂಥ ಮತ ಕೇಳುತ್ತದೆ. 2012ರಲ್ಲಿ ಮತ ಹಾಕಿದ ವಿಮರ್ಶಕರು 846 ಜನ, 2022ರಲ್ಲಿ 1,600ಕ್ಕೂ ಜಾಸ್ತಿ. ಹೊಸಬರು ಅಷ್ಟು ಜನ ಸೇರಿದ್ದೇ ತಡ, 2012ರಲ್ಲಿ ಮೊದಲ ಮೂವತ್ತರಲ್ಲೂ ಇಲ್ಲದಿದ್ದ ಶಾಂತಾಲ್ ಅಕರ್ಮನ್ ಅವರ 1975ರ 'ಜಾನ್ ಡೀಲ್ಮನ್' ಸೀದಾ ಒಂದನೇ ಸ್ಥಾನಕ್ಕೆ ಬಂತು. ನನ್ನ ಮಟ್ಟಿಗೆ ಆ ನೂರರ ಪಟ್ಟಿಗಿಂತ ಉಪಯೋಗದ್ದು ಇನ್ನೊಂದಿದೆ. ಒಬ್ಬೊಬ್ಬರೂ ಆರಿಸಿದ ಹತ್ತು ಹತ್ತು ಹೆಸರುಗಳನ್ನು ಪತ್ರಿಕೆ ಬೇರೆಯಾಗಿ ಪ್ರಕಟಿಸುತ್ತದೆ. ನಿಮಗೆ ಇಷ್ಟವಾದ ಎರಡು ಮೂರು ಸಿನಿಮಾ ಯಾರ ಪಟ್ಟಿಯಲ್ಲಿದೆ ನೋಡಿ. ಅವರ ಉಳಿದ ಏಳೆಂಟು ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ರುಚಿ ಹೊಂದುವ ಒಬ್ಬರು ಸಿಕ್ಕರೆ ವರ್ಷಪೂರ್ತಿ ನೋಡುವಷ್ಟು ಸಿನಿಮಾ ಸಿಕ್ಕಂತೆ.

ಆಸ್ಕರ್ ಕೂಡ ಹಾಗೇ. ಬೇರೆ ಭಾಷೆಯ ಸಿನಿಮಾಗಳ ವಿಭಾಗಕ್ಕೆ ಒಂದು ದೇಶ ಒಂದೇ ಸಿನಿಮಾ ಕಳಿಸಬಹುದು. ಈಚಿನ ವರ್ಷಗಳಲ್ಲಿ ಎಂಬತ್ತಕ್ಕೂ ಹೆಚ್ಚು ದೇಶಗಳು ಕಳಿಸುತ್ತಿವೆ. ಕೊನೆಯ ಸುತ್ತಿಗೆ ಉಳಿಯುವುದು ಐದು, ಸುದ್ದಿಯಾಗುವುದೂ ಆ ಐದೇ. ಉಳಿದವೂ ಆಯಾ ದೇಶದವರು ಆ ವರ್ಷಕ್ಕೆ ಇದೇ ನಮ್ಮ ಸಿನಿಮಾ ಅಂತ ಆರಿಸಿ ಕಳಿಸಿದವು, ಮತ್ತು ಆ ಪೂರ್ತಿ ಪಟ್ಟಿ ಯಾರು ಬೇಕಾದರೂ ನೋಡುವಂತಿದೆ.

ಪ್ರಶ್ನೆ: ಅಮ್ಮನಿಗೆ ಸಬ್‌ಟೈಟಲ್ ಓದೋದು ಕಷ್ಟ, ಕನ್ನಡದ್ದೇ ಬೇಕು. ರಾಷ್ಟ್ರಪ್ರಶಸ್ತಿ ಪಟ್ಟಿಯಲ್ಲಿ ಎಲ್ಲಿಂದ ಶುರು ಮಾಡಲಿ?
– ಜೆ.ಪಿ. ನಗರದ ಓದುಗರು

ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಪಡೆದ ಕನ್ನಡ ಚಿತ್ರಗಳು 'ಸಂಸ್ಕಾರ', 'ಚೋಮನ ದುಡಿ', 'ಘಟಶ್ರಾದ್ಧ', 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ'. ಇವನ್ನು ಅಮ್ಮ ನೋಡಿರಬಹುದು, ಹೆಸರಂತೂ ಕೇಳಿಯೇ ಇರುತ್ತಾರೆ. ನೀವು ಅದಕ್ಕಿಂತ ಕೆಳಗೆ ಬನ್ನಿ. 'ಕನ್ನಡದ ಅತ್ಯುತ್ತಮ ಚಿತ್ರ' ಅಂತ ಪ್ರತಿ ವರ್ಷ ಒಂದು ಸಾಲು ಇರುತ್ತದೆ. ಪೇಪರಿನವರು ಒಂದು ದಿನ ಬರೆದು ಸುಮ್ಮನಾಗುವ ಸಾಲು ಅದು. 2012ರದು ಪಿ. ಶೇಷಾದ್ರಿ ಅವರ 'ಭಾರತ್ ಸ್ಟೋರ್ಸ್', ದೊಡ್ಡ ಮಳಿಗೆಗಳು ಬಂದಮೇಲೆ ಒಂದು ದಿನಸಿ ಅಂಗಡಿಗೆ ಏನಾಯಿತು ಅನ್ನೋದು ಅದರ ಕಥೆ. 2013ರದೂ ಅವರದ್ದೇ, 'ಡಿಸೆಂಬರ್-1'. ಮುಖ್ಯಮಂತ್ರಿಗಳು ಗ್ರಾಮ ವಾಸ್ತವ್ಯ ಅಂತ ಬಂದು ಒಂದು ಬಡವರ ಮನೆಯಲ್ಲಿ ಉಳಿದು ಹೋದಮೇಲೆ ಆ ಮನೆಯವರು ಪಡುವ ಪಾಡು.

2014ರ ಸಾಲಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಆ ವರ್ಷದ್ದು ಮಂಸೋರೆ ಅವರ 'ಹರಿವು'. ಉತ್ತರ ಕರ್ನಾಟಕದ ಒಬ್ಬ ರೈತ ಕಾಯಿಲೆ ಬಿದ್ದ ಮಗನನ್ನು ಕರೆದುಕೊಂಡು ನಮ್ಮ ಬೆಂಗಳೂರಿನ ಆಸ್ಪತ್ರೆಗೆ ಬರುತ್ತಾನೆ. ಮಗ ಉಳಿಯುವುದಿಲ್ಲ. ಊರಿಗೆ ಹೆಣ ಸಾಗಿಸಲು ಕೈಯಲ್ಲಿ ಕಾಸಿಲ್ಲ, ಒಂದು ಟ್ರಂಕಿನಲ್ಲಿ ಮಗನನ್ನು ಇಟ್ಟುಕೊಂಡು ಹೊರಡುತ್ತಾನೆ. ನಡೆದ ಘಟನೆಯ ಮೇಲೆ ಮಾಡಿದ ಸಿನಿಮಾ. ನಾವು ದಿನಾ ಓಡಾಡುವ ಊರನ್ನು ಆ ಅಪ್ಪನ ಕಣ್ಣಲ್ಲಿ ನೋಡೋದು ಬಹಳ ಸಂಕಟದ ಕೆಲಸ, ಆದರೂ ನೋಡಿ. ಅಪ್ಪನ ಪಾತ್ರ ಮಾಡಿದವರು ಸಂಚಾರಿ ವಿಜಯ್. ಅದೇ ವರ್ಷದ ಪಟ್ಟಿಯಲ್ಲಿ ಅತ್ಯುತ್ತಮ ನಟ ಯಾರು ಅಂತ ನೋಡಿದರೆ ಮತ್ತೆ ಸಂಚಾರಿ ವಿಜಯ್, ಆದರೆ ಬೇರೆ ಸಿನಿಮಾಗೆ: ಬಿ.ಎಸ್. ಲಿಂಗದೇವರು ಅವರ 'ನಾನು ಅವನಲ್ಲ ಅವಳು'. 2021ರಲ್ಲಿ ವಿಜಯ್ ಅಪಘಾತದಲ್ಲಿ ಹೋಗಿಬಿಟ್ಟರು. ಎಂಥ ನಟ! ಇವೆರಡನ್ನೂ ನೋಡಿ, ಆಮೇಲೆ ಮಂಸೋರೆ ಅವರ ಹೆಸರು ಹಿಡಿದು ಹೋದರೆ 2018ರ ಸಾಲಿನಲ್ಲಿ 'ನಾತಿಚರಾಮಿ' ಸಿಗುತ್ತದೆ. ಪಟ್ಟಿಯಿಂದ ಒಂದು ಹೆಸರು ಹಿಡಿಯಬೇಕು, ಮುಂದಿನ ದಾರಿ ಆ ಹೆಸರೇ ತೋರಿಸುತ್ತದೆ.

ಈ ಸಾಲಿನಲ್ಲಿ ಬರೀ ಸಣ್ಣ ಸಿನಿಮಾಗಳೇ ಇರುತ್ತವೆ ಅಂದುಕೊಳ್ಳಬೇಡಿ. 2022ರದು 'ಕೆಜಿಎಫ್ 2', ಅದನ್ನು ನೋಡದವರು ಯಾರಿದ್ದಾರೆ! ಇನ್ನೊಂದು ವಿಷಯ. ನಿರ್ಮಾಪಕರು ಅರ್ಜಿ ಹಾಕಿದರೆ ಮಾತ್ರ ಸಿನಿಮಾ ಪ್ರಶಸ್ತಿಯ ಕಣಕ್ಕೆ ಬರುವುದು. ಪಟ್ಟಿಯಲ್ಲಿಲ್ಲ ಅಂದಮಾತ್ರಕ್ಕೆ ಚೆನ್ನಾಗಿಲ್ಲ ಅಂತಲ್ಲ. ತುಳು ಸಿನಿಮಾಗಳ ಸಾಲನ್ನೂ ಬಿಡಬೇಡಿ, ಅಭಯ ಸಿಂಹ ಅವರ 'ಪಡ್ಡಾಯಿ' ನನಗೆ ತುಂಬಾ ಇಷ್ಟ.

ಪ್ರಶ್ನೆ: ಪ್ರಶಸ್ತಿ ಸಿನಿಮಾ ಅಂದರೆ ನಿಧಾನ, ನಿದ್ದೆ ಬರುತ್ತೆ ಅಂತ ಮನೆಯವರು ಓಡಿಹೋಗ್ತಾರೆ. ಏನು ಮಾಡಲಿ?
– ಮಲ್ಲೇಶ್ವರದ ಓದುಗರು

'ತಿಥಿ' ಹಾಕಿ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ ಸಿನಿಮಾ. ಮಂಡ್ಯ ಕಡೆಯ ಹಳ್ಳಿಯವರೇ ನಟಿಸಿದ್ದಾರೆ. ನೂರು ದಾಟಿದ ಸೆಂಚುರಿ ಗೌಡ ತೀರಿಕೊಂಡಾಗ ಮೊಮ್ಮಗನಿಗೆ ಜಮೀನಿನ ಚಿಂತೆ, ಮಗ ಗಡ್ಡಪ್ಪನಿಗೆ ಯಾವುದೂ ಬೇಡ, ಗಡ್ಡ ಬಿಟ್ಟುಕೊಂಡು ಹೊಲದ ಬದುವಿನ ಮೇಲೆ ತಿರುಗೋದೇ ಕೆಲಸ. ಮನೆಮಂದಿಯೆಲ್ಲ ನಗುತ್ತಾರೆ. ಅದರ ಬರವಣಿಗೆಯಲ್ಲಿ ಕೈಜೋಡಿಸಿದ ಈರೇಗೌಡ ಆಮೇಲೆ 'ಬಳೆಕೆಂಪ' ಮಾಡಿದರು. 2018ರಲ್ಲಿ ರಾಟರ್‌ಡ್ಯಾಮ್ ಉತ್ಸವದಲ್ಲಿ ಅದಕ್ಕೆ ವಿಮರ್ಶಕರ ಪ್ರಶಸ್ತಿ ಬಂತು. ಇಲ್ಲಿ ಅದರ ಹೆಸರು ಕೇಳಿದವರೂ ಕಡಿಮೆ, ನನಗೆ ಬೇಜಾರು ಆಗೋದು ಅದಕ್ಕೇ.

'ಶಿವಮ್ಮ' ಕೂಡ ನೋಡಿ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಕಥೆ. ಗಂಡನಿಗೆ ಲಕ್ವ ಹೊಡೆದಿದೆ, ಶಾಲೆಯಲ್ಲಿ ಅಡುಗೆ ಮಾಡುವ ಶಿವಮ್ಮ ಚೈನ್ ಮಾರ್ಕೆಟಿಂಗಿನ ಪುಡಿ ನಂಬಿಕೊಂಡು ಊರವರಿಗೆಲ್ಲ ಮಾರಲು ಹೊರಡುತ್ತಾಳೆ. 2022ರಲ್ಲಿ ಬೂಸಾನ್ ಉತ್ಸವದಲ್ಲಿ ಗೆದ್ದಿತು. ಎರಡು ಗಂಟೆ ಕೂರಲಾರದವರಿಗೆ ಚಿದಾನಂದ ನಾಯ್ಕ್ ಅವರ ಹದಿನಾರು ನಿಮಿಷದ ಕಿರುಚಿತ್ರವಿದೆ. ಊರಿನ ಕೋಳಿಯನ್ನು ಕದ್ದ ಅಜ್ಜಿಯ ಕಥೆ, 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ವಿದ್ಯಾರ್ಥಿ ಚಿತ್ರಗಳ ವಿಭಾಗದ ಮೊದಲ ಬಹುಮಾನ ಪಡೆಯಿತು.

ಪ್ರಶ್ನೆ: ಹೆಸರು ಸಿಕ್ಕರೂ ಸಿನಿಮಾ ಸಿಗಲ್ಲ. ಬೆಂಗಳೂರಿನಲ್ಲಿ ಎಲ್ಲಿ ನೋಡೋದು?
– ಯಲಹಂಕದ ಓದುಗರು

ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿ 1971ರಿಂದ ಇದೇ ಕೆಲಸ ಮಾಡುತ್ತಿದೆ, ಅವರ ಕಾರ್ಯಕ್ರಮಗಳ ಮೇಲೆ ಕಣ್ಣಿಡಿ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲೂ ಆಗಾಗ ಪ್ರದರ್ಶನ ಇರುತ್ತದೆ. ಹಳೆಯವು ದೊಡ್ಡ ಪರದೆಗೆ ಮತ್ತೆ ಬರುವುದೂ ಉಂಟು: 1977ರ 'ಘಟಶ್ರಾದ್ಧ'ದ ಹೊಸದಾಗಿ ಸರಿಪಡಿಸಿದ ಪ್ರತಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೆರೆ ಕಂಡಿತು. ಇನ್ನು ನಮ್ಮ ಬೆಂಗಳೂರು ಚಿತ್ರೋತ್ಸವ. ಅಲ್ಲಿ ವಿದೇಶದ ದೊಡ್ಡ ಹೆಸರುಗಳಿಗೆ ಉದ್ದ ಕ್ಯೂ ಇರುತ್ತದೆ, ಅವು ಹೇಗೂ ಆಮೇಲೆ ಮೊಬೈಲಿಗೇ ಬರುತ್ತವೆ. ನೀವು ಕನ್ನಡ ಸ್ಪರ್ಧಾ ವಿಭಾಗದ ಪಟ್ಟಿ ಹಿಡಿದು ಹೋಗಿ, ಅದರಲ್ಲಿ ಹಲವು ಥಿಯೇಟರಿಗೆ ಬಂದರೂ ಒಂದು ವಾರ ನಿಲ್ಲುವುದು ಕಷ್ಟ.