ಶುಕ್ರವಾರ ಸೋತವರ ಶನಿವಾರ

ಕಾರ್ಕಳದ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಕಳೆದ ಚಳಿಗಾಲ ಅಮೆರಿಕದ ಮೇನ್ ರಾಜ್ಯದಲ್ಲಿರುವ ಮಗಳ ಮನೆಯಲ್ಲಿ ಐದು ತಿಂಗಳು ಇದ್ದರಂತೆ. ಹೊರಗೆ ಮೊಣಕಾಲುದ್ದ ಹಿಮ, ಒಳಗೆ ಕೂತರೆ ಹೊತ್ತೇ ಹೋಗದು. ಒಂದು ಶುಕ್ರವಾರ ಸಂಜೆ ಅಳಿಯ ಹತ್ತಿರದ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಕರೆದುಕೊಂಡು ಹೋದ. ಅಂದು ಹಿಡಿದ ಗೀಳು ಊರಿಗೆ ಬಂದ ಮೇಲೂ ಬಿಟ್ಟಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಮೊಬೈಲಿನಲ್ಲಿ ಪಂದ್ಯ ನೋಡುತ್ತಾರೆ, ಅಂಕಗಳನ್ನು ನೋಟ್ ಪುಸ್ತಕದಲ್ಲಿ ಬರೆದಿಡುತ್ತಾರೆ. ಅವರ ಪ್ರಶ್ನೆ ಇದು: "ನೋಡುವುದಾದರೆ ವೃತ್ತಿಪರರ ಲೀಗ್ ಎನ್‌ಬಿಎ ನೋಡಿ, ಈ ಮೂರನೇ ದರ್ಜೆಯ ಆಟದಲ್ಲಿ ಏನಿದೆ ಅಂತಾನೆ ನನ್ನ ಮಗ. ಈ ಹುಡುಗರಿಗೆ ದುಡ್ಡಿಲ್ಲ, ಹೆಸರಿಲ್ಲ. ಸಾಲದ್ದಕ್ಕೆ ನಾನು ಮೆಚ್ಚಿದ ತಂಡ ಜನವರಿಯ ಒಂದೇ ವಾರಾಂತ್ಯದಲ್ಲಿ ಎರಡು ಪಂದ್ಯ ಸೋತಿತು. ನಿದ್ದೆಗೆಟ್ಟು ಇದನ್ನು ನೋಡುವುದರಲ್ಲಿ ಅರ್ಥವಿದೆಯೇ? ಇದ್ದರೆ ಹೇಗೆ ನೋಡಬೇಕು?"

ಮಾನ್ಯ ಮೇಷ್ಟ್ರೇ,

ಅರ್ಥವಿದೆ. ಈ ಉತ್ತರವನ್ನು ನಿಮ್ಮ ಮಗನಿಗೂ ಓದಲು ಕೊಡಿ.

ಮೊದಲು ಆ 'ಮೂರನೇ ದರ್ಜೆ' ಎಂಬ ಮಾತು. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ 1973ರಲ್ಲಿ ಕಾಲೇಜುಗಳನ್ನು ಮೂರು ವಿಭಾಗ ಮಾಡಿತು. ಮೂರನೆಯದು ಡಿವಿಷನ್ ತ್ರೀ. ಹೆಸರು ಕೇಳಿದರೆ ಪರೀಕ್ಷೆಯ ಥರ್ಡ್ ಕ್ಲಾಸ್ ನೆನಪಾಗುತ್ತದೆ, ನಿಜ. ಆದರೆ ಅಲ್ಲಿನ ಮುಖ್ಯ ಗೆರೆ ಹಣದ್ದು. ಡಿವಿಷನ್ ತ್ರೀ ಕಾಲೇಜು ಆಟಕ್ಕಾಗಿ ಯಾರಿಗೂ ವಿದ್ಯಾರ್ಥಿವೇತನ ಕೊಡುವ ಹಾಗಿಲ್ಲ. ಇಪ್ಪತ್ತು ಅಂಕ ಹೊಡೆಯುವ ಹುಡುಗನಿಗೂ ತರಗತಿಯಲ್ಲಿ ಅವನ ಪಕ್ಕ ಕೂರುವ ಹುಡುಗನಿಗೂ ಶುಲ್ಕದ ಲೆಕ್ಕ ಒಂದೇ. ಮನೆಯ ಪರಿಸ್ಥಿತಿ ನೋಡಿ ನೆರವು ಸಿಕ್ಕರೆ ಸಿಕ್ಕಿತು, ಚೆಂಡನ್ನು ಬುಟ್ಟಿಗೆ ಹಾಕಿದ್ದಕ್ಕೆ ಸಿಗುವುದಿಲ್ಲ.

ನೀವು ನೋಡುತ್ತಿರುವ ಕೂಟದ ಹೆಸರು ನೆಸ್ಕ್ಯಾಕ್. ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ಮತ್ತು ಅದರ ನೆರೆಯ ಸಣ್ಣ ಕಾಲೇಜುಗಳು 1971ರಲ್ಲಿ ಕಟ್ಟಿಕೊಂಡ ಒಕ್ಕೂಟ. ಈಗ ಒಟ್ಟು ಹನ್ನೊಂದು ಕಾಲೇಜು: ಮೇನ್ ರಾಜ್ಯದ ಬೋಡನ್, ಬೇಟ್ಸ್, ಕೋಲ್ಬಿ, ಮ್ಯಾಸಚೂಸೆಟ್ಸ್‌ನ ಆಮ್ಹರ್ಸ್ಟ್, ವಿಲಿಯಮ್ಸ್, ಟಫ್ಟ್ಸ್, ಕನೆಕ್ಟಿಕಟ್‌ನ ಟ್ರಿನಿಟಿ, ವೆಸ್ಲಿಯನ್, ಕನೆಕ್ಟಿಕಟ್ ಕಾಲೇಜು, ವರ್ಮಾಂಟಿನ ಮಿಡಲ್‌ಬರಿ, ನ್ಯೂಯಾರ್ಕ್ ರಾಜ್ಯದ ಹ್ಯಾಮಿಲ್ಟನ್. ಓದಿಗೆ ಅಡ್ಡಿಯಾಗಬಾರದೆಂದು ಈ ಕಾಲೇಜುಗಳು ಎಷ್ಟು ಬಿಗಿ ಹಿಡಿದಿದ್ದವೆಂದರೆ, ತಂಡಗಳನ್ನು ರಾಷ್ಟ್ರೀಯ ಪಂದ್ಯಾವಳಿಗೆ ಕಳಿಸಲು ಒಪ್ಪಿದ್ದೇ 1993ರಲ್ಲಿ. ಒಪ್ಪಿದ ಮೇಲೆ ಏನಾಯಿತು ನೋಡಿ. 2003ರಲ್ಲಿ ವಿಲಿಯಮ್ಸ್, 2007 ಮತ್ತು 2013ರಲ್ಲಿ ಆಮ್ಹರ್ಸ್ಟ್, 2025ರಲ್ಲಿ ಟ್ರಿನಿಟಿ ಡಿವಿಷನ್ ತ್ರೀ ರಾಷ್ಟ್ರೀಯ ಚಾಂಪಿಯನ್ ಆದವು. ನಾನೂರಕ್ಕೂ ಹೆಚ್ಚು ಕಾಲೇಜುಗಳಿರುವ ವಿಭಾಗದಲ್ಲಿ ಹನ್ನೊಂದರ ಒಂದು ಗುಂಪಿಗೆ ಇದು ಸಣ್ಣ ಮಾತಲ್ಲ.

ಇನ್ನು ಹೇಗೆ ನೋಡಬೇಕು ಎಂಬ ಪ್ರಶ್ನೆ. ನೀವು ಕಾರ್ಕಳದವರು, ಯಕ್ಷಗಾನ ಮೇಳದ ತಿರುಗಾಟ ನೋಡುತ್ತ ಬೆಳೆದವರು. ದೀಪಾವಳಿ ಕಳೆದ ಮೇಲೆ ಗೆಜ್ಜೆ ಕಟ್ಟಿ ಹೊರಡುವ ಮೇಳ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಊರೂರು ಸುತ್ತುತ್ತದೆ. ಅದೇ ಕಲಾವಿದರು, ಎಷ್ಟೋ ಸಲ ಅದೇ ಪ್ರಸಂಗ. ಆದರೂ ಮೊದಲ ಆಟದಲ್ಲಿ ತಡವರಿಸಿದ ಎಳೆಯ ವೇಷಧಾರಿ ಮಾರ್ಚ್ ಹೊತ್ತಿಗೆ ರಂಗಸ್ಥಳವನ್ನು ತನ್ನದು ಮಾಡಿಕೊಂಡಿರುತ್ತಾನೆ. ಅದು ಗೊತ್ತಾಗುವುದು ಇಡೀ ತಿರುಗಾಟ ನೋಡಿದವರಿಗೆ. ಈ ಕಾಲೇಜು ಹುಡುಗರ ಋತುವೂ ಹಾಗೆಯೇ. ನವೆಂಬರಿನಲ್ಲಿ ಹೊರಗಿನ ಕಾಲೇಜುಗಳ ಜೊತೆ ಆಡಿ ಕೈಕಾಲು ಸಡಿಲ ಮಾಡಿಕೊಳ್ಳುತ್ತಾರೆ. ಡಿಸೆಂಬರಿನಲ್ಲಿ ಪರೀಕ್ಷೆ, ಆಟಕ್ಕೆ ಬಿಡುವು. ಜನವರಿಯಲ್ಲಿ ಹನ್ನೊಂದೂ ತಂಡದವರು ಒಬ್ಬರಿಗೊಬ್ಬರು ಎದುರಾಗುತ್ತಾರೆ. ತಲಾ ಹತ್ತು ಪಂದ್ಯ, ಪ್ರತಿ ಎದುರಾಳಿಯ ಜೊತೆ ಒಂದೇ ಒಂದು. ಫೆಬ್ರುವರಿಯ ಕೊನೆಗೆ ಒಕ್ಕೂಟದ ಪಂದ್ಯಾವಳಿ. ಅದನ್ನು ಗೆದ್ದ ತಂಡಕ್ಕೆ ಮಾರ್ಚ್‌ನ ರಾಷ್ಟ್ರೀಯ ಪಂದ್ಯಾವಳಿಗೆ ನೇರ ಪ್ರವೇಶ. ಉಳಿದವರು ಋತುವಿಡೀ ಗಳಿಸಿದ ಲೆಕ್ಕದ ಮೇಲೆ ಕರೆ ಬಂದೀತೇ ಎಂದು ಕಾಯಬೇಕು.

ಪ್ರತಿ ಎದುರಾಳಿಯ ಜೊತೆ ಒಂದೇ ಪಂದ್ಯ ಎಂದೆನಲ್ಲ, ಅದನ್ನು ಸ್ವಲ್ಪ ಯೋಚಿಸಿ. ಈ ವರ್ಷ ನಿಮ್ಮ ಅಂಗಳದಲ್ಲಾದರೆ ಬರುವ ವರ್ಷ ಅವರ ಅಂಗಳದಲ್ಲಿ. ನಾಲ್ಕು ವರ್ಷದ ಓದಿನಲ್ಲಿ ಒಬ್ಬ ಹುಡುಗ ಒಕ್ಕೂಟದ ಪಂದ್ಯಕ್ಕೆಂದು ಮಿಡಲ್‌ಬರಿಗೆ ಹೋಗುವುದು ಎರಡೇ ಸಲ. ಮೊದಲ ವರ್ಷ ಅಲ್ಲಿ ಸೋತರೆ ಆ ಜಿಮ್‌ನಲ್ಲಿ ಸೇಡು ತೀರಿಸಿಕೊಳ್ಳಲು ಮೂರನೇ ವರ್ಷದವರೆಗೆ ಕಾಯಬೇಕು.

ಪಂದ್ಯಗಳನ್ನು ಜೋಡಿಸುವ ಬಗೆಯೇ ಈ ಕೂಟದ ಜೀವಾಳ. ಬಹುತೇಕ ಶುಕ್ರವಾರ ರಾತ್ರಿ ಒಂದು, ಶನಿವಾರ ಮಧ್ಯಾಹ್ನ ಇನ್ನೊಂದು. ಹ್ಯಾಮಿಲ್ಟನ್ ತಂಡ ಮೇನ್‌ಗೆ ಹೊರಟಿತು ಅನ್ನಿ. ಕೋಲ್ಬಿ ಇರುವ ವಾಟರ್‌ವಿಲ್‌ಗೆ ಆರು ನೂರು ಕಿಲೋಮೀಟರಿಗೂ ಹೆಚ್ಚು ದೂರ, ಹತ್ತಿರಹತ್ತಿರ ನಮ್ಮ ಬೆಂಗಳೂರು–ಬೀದರ್ ಹಾದಿಯಷ್ಟು, ಅದೂ ಹಿಮ ಬಿದ್ದ ರಸ್ತೆಯಲ್ಲಿ, ಬಸ್ಸಿನಲ್ಲಿ. ಶುಕ್ರವಾರ ರಾತ್ರಿ ಬೋಡನ್ ಜೊತೆ ಆಡಿ, ಎಂಬತ್ತು ಕಿಲೋಮೀಟರ್ ದೂರದ ಕೋಲ್ಬಿಯಲ್ಲಿ ಮರುದಿನ ಮಧ್ಯಾಹ್ನ ಮತ್ತೆ ಇಳಿಯಬೇಕು. ನಡುವೆ ಒಂದು ರಾತ್ರಿ. ಕಾಲಿಗೆ ಐಸ್ ಕಟ್ಟಿಕೊಂಡು, ಅಂದಿನ ತಪ್ಪುಗಳನ್ನು ನುಂಗಿಕೊಂಡು, ನಾಳೆಯ ಎದುರಾಳಿಯ ವೀಡಿಯೊ ನೋಡಬೇಕು. ಗೆದ್ದಿದ್ದರೂ ಹಿಗ್ಗಲು ಸಮಯವಿಲ್ಲ, ಸೋತಿದ್ದರೂ ಅಳಲು ಸಮಯವಿಲ್ಲ.

ನಾನು ಈ ಶನಿವಾರದ ಮೇಲೆ ಇಷ್ಟು ಮೋಹ ಇಟ್ಟುಕೊಂಡಿರುವುದಕ್ಕೆ ಕಾರಣವಿದೆ. ನಾನೂ ಕಾಲೇಜು ತಂಡದಲ್ಲಿ ಆಡಿದವನು. ನಮ್ಮಲ್ಲಿ ಆಗ ಅಂತರ ಕಾಲೇಜು ಪಂದ್ಯಾವಳಿ ಎಂದರೆ ನಾಕೌಟ್. ಜುಲೈಯಿಂದ ಮೂರು ತಿಂಗಳು ಬೆಳಿಗ್ಗೆ ಆರಕ್ಕೆ ಸಿಮೆಂಟ್ ಅಂಗಳದಲ್ಲಿ ಓಡಿ, ಒಂದು ಜೊತೆ ಕ್ಯಾನ್ವಾಸ್ ಶೂ ಸವೆಸಿ, ಇನ್ನೂರು ಕಿಲೋಮೀಟರ್ ಪ್ರಯಾಣ ಮಾಡಿ ಹೋದೆವು. ಮೊದಲ ಪಂದ್ಯದಲ್ಲೇ ಆರು ಅಂಕದಿಂದ ಸೋತೆವು. ಅದೇ ಸಂಜೆ ಕೆಂಪು ಬಸ್ಸು ಹತ್ತಿ ವಾಪಸು. ನಮ್ಮ ಸೆಂಟರ್ ಆಡುತ್ತಿದ್ದ ಹುಡುಗ ಅಂತಿಮ ವರ್ಷದವನು, ಹಾದಿಯುದ್ದಕ್ಕೂ ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದ, ಚಹಾಕ್ಕೆ ಬಸ್ಸು ನಿಂತಾಗಲೂ ಇಳಿಯಲಿಲ್ಲ. ಅವನು ಕೆಟ್ಟ ಆಟಗಾರನಲ್ಲ. ಅವನಿಗೆ ಮರುದಿನ ಮಧ್ಯಾಹ್ನ ಇನ್ನೊಂದು ಪಂದ್ಯ ಇರಲಿಲ್ಲ, ಅಷ್ಟೇ. ನಮ್ಮ ಕಾಲೇಜುಗಳಿಗೆ ಲೀಗ್ ಬೇಕು ಎಂದು ಈ ಪುಟಗಳಲ್ಲಿ ನಾನು ಪದೇಪದೇ ಬರೆಯುವುದು ಆ ಹುಡುಗನ ನೆನಪಿನಲ್ಲೇ.

ಸೋತ ತಂಡಕ್ಕೆ ಇನ್ನೊಂದು ದಿನ ಸಿಕ್ಕರೆ ಏನಾಗುತ್ತದೆ ಎನ್ನುವುದಕ್ಕೆ 2014ರ ವಿಲಿಯಮ್ಸ್ ತಂಡವನ್ನು ನೋಡಬೇಕು. ಆ ಋತುವಿನಲ್ಲಿ ಹಳೆಯ ಎದುರಾಳಿ ಆಮ್ಹರ್ಸ್ಟ್ ಕೈಯಲ್ಲಿ ಸೋತಿದ್ದವರು ಅವರು. ರಾಷ್ಟ್ರೀಯ ಸೆಮಿಫೈನಲ್‌ನಲ್ಲಿ ಮತ್ತೆ ಅದೇ ಆಮ್ಹರ್ಸ್ಟ್ ಎದುರಾಯಿತು. ವಿಲಿಯಮ್ಸ್ 98–69ರಿಂದ ಗೆದ್ದಿತು, ಇಪ್ಪತ್ತೊಂಬತ್ತು ಅಂಕಗಳ ಅಂತರ! ಫೈನಲ್‌ನಲ್ಲಿ ವಿಸ್ಕಾನ್ಸಿನ್–ವೈಟ್‌ವಾಟರ್ ವಿರುದ್ಧ ಕೊನೆಯ ಗಳಿಗೆಯಲ್ಲಿ ಬಿದ್ದ ಬುಟ್ಟಿಯಿಂದ 75–73ರಲ್ಲಿ ಸೋತಿತು. ಸೋತು ಹೊರನಡೆದವರಲ್ಲಿ ಮೊದಲ ವರ್ಷದ ವಿದ್ಯಾರ್ಥಿ ಡಂಕನ್ ರಾಬಿನ್ಸನ್ ಒಬ್ಬ. ಮುಂದೆ ಅವನು ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ 2018ರಲ್ಲಿ ಡಿವಿಷನ್ ಒನ್ ಫೈನಲ್ ಆಡಿದ. ಎನ್‌ಬಿಎ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಆರಿಸದಿದ್ದರೂ ಮಯಾಮಿ ಹೀಟ್ ಸೇರಿಕೊಂಡ. 2020ರ ಎನ್‌ಬಿಎ ಫೈನಲ್ಸ್‌ನ ಐದನೇ ಪಂದ್ಯದಲ್ಲಿ ಲೇಕರ್ಸ್ ವಿರುದ್ಧ ಏಳು ಮೂರಂಕದ ಬುಟ್ಟಿ ಹಾಕಿ 26 ಅಂಕ ಗಳಿಸಿದ. ನಿಮ್ಮ ಮಗ ಎನ್‌ಬಿಎ ನೋಡುವವರಾದರೆ ಈ ಹೆಸರು ಕೇಳಿಯೇ ಇರುತ್ತಾರೆ. ಆದರೆ ರಾಬಿನ್ಸನ್ ಹೊರಹೊಮ್ಮಿದ ಎನ್ನುವ ಕಾರಣಕ್ಕೆ ಈ ಕೂಟ ನೋಡಿ ಎಂದು ನಾನು ಹೇಳಲಾರೆ. ಅಂಥವರು ಬೆರಳೆಣಿಕೆಗೂ ಸಿಗುವುದಿಲ್ಲ. ಉಳಿದವರು ವೈದ್ಯರಾಗುತ್ತಾರೆ, ಬ್ಯಾಂಕಿಗೆ ಹೋಗುತ್ತಾರೆ, ನಿಮ್ಮ ಹಾಗೆ ಮೇಷ್ಟ್ರಾಗುತ್ತಾರೆ. ನಾಳೆ ಏನೂ ಸಿಗದ ಆಟವನ್ನು ಇಂದು ಮೈಚೆಲ್ಲಿ ಆಡುವ ಹುಡುಗನನ್ನು ನೋಡುವಾಗ ನನಗೆ ಆಗುವ ಸಂತೋಷ ಬೇರೆ ಎಲ್ಲೂ ಆಗಿಲ್ಲ.

ಸೋಲುವ ತಂಡವನ್ನು ಯಾಕೆ ನೋಡಬೇಕು ಎಂದೂ ಕೇಳಿದ್ದೀರಿ. ಕ್ಯಾಲಿಫೋರ್ನಿಯಾದ ಇಂಥದ್ದೇ ಇನ್ನೊಂದು ಸಣ್ಣ ಒಕ್ಕೂಟದಲ್ಲಿ ಕ್ಯಾಲ್‌ಟೆಕ್ ಇದೆ, ವಿಜ್ಞಾನಿಗಳನ್ನು ತಯಾರಿಸುವ ಸಂಸ್ಥೆ. ಅವರ ಬ್ಯಾಸ್ಕೆಟ್‌ಬಾಲ್ ತಂಡ 1985ರಿಂದ ಒಕ್ಕೂಟದ ಪಂದ್ಯಗಳಲ್ಲಿ ಸತತ 310 ಸೋಲು ಕಂಡಿತ್ತು. ಸೋತ ಹುಡುಗರು ಪದವಿ ಪಡೆದು ಹೋದರು, ಅವರ ಜಾಗಕ್ಕೆ ಬಂದವರೂ ಸೋತರು. 2011ರ ಫೆಬ್ರುವರಿ 22, ಋತುವಿನ ಕೊನೆಯ ಪಂದ್ಯ, ಎದುರಾಳಿ ಆಕ್ಸಿಡೆಂಟಲ್ ಕಾಲೇಜು. 3.3 ಸೆಕೆಂಡ್ ಉಳಿದಿರುವಾಗ ರಯಾನ್ ಎಲ್ಮ್‌ಕ್ವಿಸ್ಟ್ ಫ್ರೀ ಥ್ರೋ (ಎದುರಾಳಿಯ ಫೌಲಿಗೆ ಸಿಗುವ ತಡೆಯಿಲ್ಲದ ಎಸೆತ) ಹಾಕಿದ. 46–45! ಇಪ್ಪತ್ತಾರು ವರ್ಷಗಳ ಮೇಲೆ ಬಂದ ಆ ಒಂದು ಅಂಕದ ತೂಕ ಅಷ್ಟೂ ವರ್ಷ ಆ ಖಾಲಿ ಗ್ಯಾಲರಿಯಲ್ಲಿ ಕೂತವರಿಗೆ ತಿಳಿದಷ್ಟು ಇನ್ನಾರಿಗೆ ತಿಳಿದೀತು?

ಅದೇ ಒಕ್ಕೂಟದ ಪೊಮೋನಾ–ಪಿಟ್ಜರ್ ತಂಡಕ್ಕೆ 1979ರಲ್ಲಿ ಒಬ್ಬ ತರುಣ ಕೋಚ್ ಬಂದರು. ಮೊದಲ ವರ್ಷ ಎರಡು ಗೆಲುವು, ಇಪ್ಪತ್ತೆರಡು ಸೋಲು. ಹೆಸರು ಗ್ರೆಗ್ ಪೊಪೊವಿಚ್, ಮುಂದೆ ಸ್ಯಾನ್ ಆಂಟೋನಿಯೋ ಸ್ಪರ್ಸ್‌ಗೆ ಐದು ಎನ್‌ಬಿಎ ಕಿರೀಟ ತಂದವರು. 2023ರಲ್ಲಿ ಅವರು ಬ್ಯಾಸ್ಕೆಟ್‌ಬಾಲ್ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್ ಸೇರಿದಾಗ ಅದೇ ಸಾಲಿನಲ್ಲಿ ನಿಮ್ಮ ನೆಸ್ಕ್ಯಾಕ್‌ನ ಡೇವಿಡ್ ಹಿಕ್ಸನ್ ಕೂಡ ಇದ್ದರು. ಹಿಕ್ಸನ್ ಆಮ್ಹರ್ಸ್ಟ್‌ನಲ್ಲೇ ಓದಿ, ಅಲ್ಲೇ ನಾಲ್ಕು ದಶಕಕ್ಕೂ ಮೀರಿ ಕೋಚ್ ಆಗಿ, 826 ಪಂದ್ಯ ಗೆದ್ದವರು. ಆ ಹಾಲ್ ಆಫ್ ಫೇಮ್ ಇರುವುದು ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಆಮ್ಹರ್ಸ್ಟ್‌ನಿಂದ ಅರ್ಧ ಗಂಟೆಯ ಹಾದಿ. 1891ರ ಡಿಸೆಂಬರಿನಲ್ಲಿ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ ಈ ಆಟ ಶುರು ಮಾಡಿದ್ದು ಅದೇ ಊರಿನಲ್ಲಿ. ನೀವು ನೋಡುತ್ತಿರುವುದು ಬ್ಯಾಸ್ಕೆಟ್‌ಬಾಲಿನ ತವರುಮನೆಯ ಆಟ.

ಟಫ್ಟ್ಸ್ ತಂಡದ ಅಂಗಿಯ ಮೇಲಿನ ಆನೆಯ ಬಗ್ಗೆ ಕೇಳಿದ್ದೀರಿ. ಅದು ಜಂಬೊ, ಸರ್ಕಸ್ ಮಾಲೀಕ ಪಿ.ಟಿ. ಬಾರ್ನಂ ಅವರ ಆನೆ. 1885ರಲ್ಲಿ ರೈಲು ಬಡಿದು ಸತ್ತಿತು. ಅದರ ಚರ್ಮ ಹೊದಿಸಿದ ಆಕೃತಿ ಮಾಡಿಸಿ ಕಾಲೇಜಿಗೆ ಕೊಟ್ಟರು. 1975ರ ಬೆಂಕಿಯಲ್ಲಿ ಅದೂ ಸುಟ್ಟುಹೋಯಿತು. ಉಳಿದ ಬೂದಿಯನ್ನು ಕಡಲೆಕಾಯಿ ಬೆಣ್ಣೆಯ ಡಬ್ಬಿಯೊಂದರಲ್ಲಿ ತುಂಬಿ ಕ್ರೀಡಾ ವಿಭಾಗದ ಕಚೇರಿಯಲ್ಲಿ ಕಾಪಾಡಿಕೊಂಡು ಬಂದಿದ್ದಾರೆ, ಆಟಗಾರರು ಅದೃಷ್ಟಕ್ಕೆಂದು ಅದನ್ನು ಮುಟ್ಟುತ್ತಾರೆ. ನಮ್ಮ ಅನಿಲ್ ಕುಂಬ್ಳೆಯವರಿಗೆ ಅಂಟಿದ 'ಜಂಬೊ' ಎಂಬ ಪದ ಜಗತ್ತಿಗೆಲ್ಲ ಹರಡಿದ್ದೂ ಇದೇ ಆನೆಯಿಂದ.

ಈಗ ನೋಡುವ ಕ್ರಮ. ಅಲ್ಲಿನ ಶುಕ್ರವಾರ ಸಂಜೆ ಏಳು ನಮಗೆ ಶನಿವಾರ ಬೆಳಗಿನ ಐದೂವರೆ. ಅದನ್ನು ನೋಡಿ. ಅಲ್ಲಿನ ಶನಿವಾರ ಮಧ್ಯಾಹ್ನ ಮೂರಕ್ಕೆ ನಮಗೆ ರಾತ್ರಿ ಒಂದೂವರೆ. ನಿಮ್ಮ ವಯಸ್ಸಿಗೆ ಅದು ಬೇಡ, ಬೆಳಿಗ್ಗೆ ಕಾಫಿಯ ಜೊತೆ ಪೂರ್ತಿ ಪಂದ್ಯದ ದಾಖಲೆ ಹಾಕಿಕೊಳ್ಳಿ, ಫಲಿತಾಂಶ ಮಾತ್ರ ಮೊದಲೇ ನೋಡಬೇಡಿ. ಅಂಕಪಟ್ಟಿಯಲ್ಲಿ ಮೇಲಿನ ಎರಡು ಹೆಸರಿಗಿಂತ ನಡುವಿನ ನಾಲ್ಕೈದರ ಮೇಲೆ ಕಣ್ಣಿಡಿ. ಒಕ್ಕೂಟದ ಪಂದ್ಯಾವಳಿಯಲ್ಲಿ ಮೇಲಿನ ಸ್ಥಾನದವರಿಗೆ ಸ್ವಂತ ಅಂಗಳ ಸಿಗುತ್ತದೆ. ಹಾಗಾಗಿ ನಾಲ್ಕನೆಯ ಸ್ಥಾನಕ್ಕೂ ಐದನೆಯದಕ್ಕೂ ಇರುವ ವ್ಯತ್ಯಾಸ ಎಂದರೆ ಒಂದು ರಾತ್ರಿಯ ಬಸ್ ಪ್ರಯಾಣ ಮತ್ತು ಎದುರಾಳಿ ಊರಿನ ಕೂಗು.

ಫೌಲ್‌ಗಳನ್ನು ಎಣಿಸುವ ಅಭ್ಯಾಸ ಮಾಡಿಕೊಳ್ಳಿ. ನಮ್ಮಲ್ಲಿ ಹತ್ತು ನಿಮಿಷದ ನಾಲ್ಕು ಅವಧಿ, ಅಲ್ಲಿ ಇಪ್ಪತ್ತು ನಿಮಿಷದ ಎರಡು. ಒಂದು ಅವಧಿಯಲ್ಲಿ ತಂಡದ ಏಳನೇ ಫೌಲಿನಿಂದ ಎದುರಾಳಿಗೆ 'ಒನ್ ಅಂಡ್ ಒನ್' ಸಿಗುತ್ತದೆ: ಮೊದಲ ಎಸೆತ ಬುಟ್ಟಿಗೆ ಬಿದ್ದರೆ ಮಾತ್ರ ಎರಡನೆಯದು, ತಪ್ಪಿದರೆ ಚೆಂಡು ಎಲ್ಲರದು. ಹತ್ತನೇ ಫೌಲಿನಿಂದ ಎರಡೂ ಎಸೆತ ಖಚಿತ. ಏಳರಿಂದ ಒಂಬತ್ತರ ನಡುವೆ, ಎರಡು ನಿಮಿಷ ಉಳಿದಿರುವಾಗ, ಗೆರೆಯ ಮುಂದೆ ಒಬ್ಬನೇ ನಿಂತ ಹುಡುಗನನ್ನು ನೋಡಿ. ಚೆಂಡನ್ನು ಮೂರು ಸಲ ನೆಲಕ್ಕೆ ಬಡಿಯುತ್ತಾನೆ, ಉಸಿರು ಬಿಡುತ್ತಾನೆ, ಗ್ಯಾಲರಿಯ ಹಲಗೆಗಳನ್ನು ಎದುರಾಳಿ ಕಾಲೇಜಿನವರು ಕಾಲಿನಿಂದ ಗುದ್ದುತ್ತಿರುತ್ತಾರೆ. ಗ್ಯಾಲರಿ ಅವನಿಗೆ ಅಷ್ಟು ಹತ್ತಿರ. ದೊಡ್ಡ ಕ್ರೀಡಾಂಗಣಗಳಲ್ಲಿ ಆ ಹುಡುಗನ ಮುಖ ನಿಮಗೆ ಪರದೆಯ ಮೇಲೆ ಕಾಣುತ್ತದೆ, ಇಲ್ಲಿ ಅವನ ಕಾಲೇಜಿನ ಗೆಳೆಯರಿಗೆ ಬರಿಗಣ್ಣಿಗೇ ಕಾಣುತ್ತದೆ.

ನಿಮ್ಮ ತಂಡದ ಆ ಎರಡು ಸೋಲಿನ ವಿಚಾರ ಕೊನೆಗೆ ಇಟ್ಟುಕೊಂಡೆ. ನಿಮ್ಮ ಪತ್ರದಲ್ಲೇ ಒಂದು ಸಾಲಿದೆ: ಶುಕ್ರವಾರ ಹತ್ತೊಂಬತ್ತು ಅಂಕದಿಂದ ಸೋತರು, ಶನಿವಾರ ಮೂರು ಅಂಕದಿಂದ. ಶನಿವಾರ ಬೆಂಚಿನಿಂದ ಬಂದ ಎರಡನೇ ವರ್ಷದ ಹುಡುಗನೊಬ್ಬ ಹನ್ನೊಂದು ರೀಬೌಂಡ್ (ಬುಟ್ಟಿ ತಪ್ಪಿ ಪುಟಿದ ಚೆಂಡು) ಹಿಡಿದ ಎಂದೂ ಬರೆದಿದ್ದೀರಿ. ಒಂದೇ ರಾತ್ರಿಯ ಅಂತರದಲ್ಲಿ ಆ ತಂಡದಲ್ಲಿ ಏನೋ ಸರಿಹೋಗಿದೆ. ಆ ಹುಡುಗನಿಗೆ ಇನ್ನೂ ಎರಡು ಚಳಿಗಾಲ ಉಳಿದಿವೆ. ಅವನನ್ನು ಬಿಡಬೇಡಿ.

ನಿಮ್ಮ ನೋಟ್ ಪುಸ್ತಕದ ಜನವರಿ ಪುಟಗಳ ಜೆರಾಕ್ಸ್ ಮಾಡಿಸಿ ನಮಗೊಂದು ಪ್ರತಿ ಕಳಿಸಿಕೊಡಿ. ಫೆಬ್ರುವರಿಯದು ಮುಗಿದ ಮೇಲೆ ಅದನ್ನೂ ಕಳಿಸಿ. ಅಂಚಿನಲ್ಲಿ ಪೆನ್ಸಿಲಿನಿಂದ ಟಿಪ್ಪಣಿ ಬರೆಯುತ್ತೇನೆ ಎಂದಿದ್ದೀರಲ್ಲ, ಅದು ಅಳಿಸದಂತೆ ನೋಡಿಕೊಳ್ಳಿ. ಆ ಹುಡುಗನ ಹೆಸರಿನ ಮುಂದೆ ಏನು ಬರೆದಿದ್ದೀರಿ ಎಂದು ನಾನು ಓದಬೇಕು.

— ಸಂಪಾದಕ