ಮಾಡೆಲ್ ಹೇಳಿದಷ್ಟು ಖನಿಜ ಹಳ್ಳದ ನೀರಿನಲ್ಲಿ ಯಾಕೆ ಸಿಗುತ್ತಿಲ್ಲ?

ಬಂಡೆ ಶಿಥಿಲವಾಗಿ ಇಷ್ಟು ಪೊಟ್ಯಾಸಿಯಂ, ಕ್ಯಾಲ್ಸಿಯಂ ಬರಬೇಕು ಅಂತ ನಿಮ್ಮ ಮಾಡೆಲ್ ಹೇಳುತ್ತಿದೆ. ಬೆಂಗಳೂರು ಹೊರವಲಯದ ನಿಮ್ಮ ಹಳ್ಳದ ನೀರಿನಲ್ಲಿ ಅದರ ಕಾಲುಭಾಗವೂ ಇಲ್ಲ. ಕೋಡ್ ತಪ್ಪಿರಬೇಕು ಅಂತ ಕೇಳಿದ್ದೀರಿ. ನನಗೆ ಹಾಗೆ ಅನಿಸುವುದಿಲ್ಲ.

ಕರಗುವ ವೇಗದ ಅಂಕಿ ಎಲ್ಲಿಂದ ತಂದಿರಿ, ಅದನ್ನು ಮೊದಲು ನೋಡಿ. ಬಂಡೆಯ ಮುಖ್ಯ ಖನಿಜ ಫೆಲ್ಡ್‌ಸ್ಪಾರ್. ಲ್ಯಾಬಿನಲ್ಲಿ ಹೊಸದಾಗಿ ಪುಡಿಮಾಡಿದ ಫೆಲ್ಡ್‌ಸ್ಪಾರ್ ಕರಗುವ ವೇಗ ಮಣ್ಣಿನಲ್ಲಿ ಕಾಣುವುದಕ್ಕಿಂತ 100, 1000 ಪಟ್ಟು ಜಾಸ್ತಿ ಇರುವುದು ಮಾಮೂಲಿ. ಮಣ್ಣಿನ ಕಣ ಹಳೆಯದು, ಮೇಲೆ ಜೇಡಿ ಕೂತಿರುತ್ತದೆ. ನೀರು ಎಲ್ಲ ಕಣಕ್ಕೂ ತಾಗುವುದಿಲ್ಲ. ತಾಗಿದ ಕಡೆಯೂ ನೀರಿನಲ್ಲಿ ಸಿಲಿಕಾ, ಅಲ್ಯೂಮಿನಿಯಂ ತುಂಬುತ್ತಾ ಹೋದಂತೆ ಕರಗುವುದು ನಿಧಾನವಾಗುತ್ತದೆ. ಈ ಸ್ಯಾಚುರೇಷನ್ ಲೆಕ್ಕ ಇಲ್ಲದಿದ್ದರೆ ಇವತ್ತೇ ಸೇರಿಸಿ.

ಆಮೇಲೆ ಮಾಡೆಲಿನ ಸೋಡಿಯಂ ಒಂದನ್ನೇ ಹಳ್ಳದ ಅಂಕಿಗೆ ಹೊಂದಿಸಿ. ಲಾಲ್‌ಬಾಗ್ ಬಂಡೆ ನೋಡಿದ್ದೀರಲ್ವಾ, ನಮ್ಮ ಕಾಲಡಿಯ ನೈಸ್ ಶಿಲೆ ಅದೇ. ಅದರ ಪ್ಲೇಜಿಯೋಕ್ಲೇಸ್ ಅನ್ನುವ ಫೆಲ್ಡ್‌ಸ್ಪಾರ್ ಸೋಡಿಯಂ, ಕ್ಯಾಲ್ಸಿಯಂ ಕೊಡುತ್ತದೆ, ಬಯೋಟೈಟ್ ಅನ್ನುವ ಕಪ್ಪು ಅಭ್ರಕ ಪೊಟ್ಯಾಸಿಯಂ, ಮೆಗ್ನೀಸಿಯಂ ಕೊಡುತ್ತದೆ. ಸೋಡಿಯಂ ಹೆಚ್ಚಿನ ಗಿಡಗಳಿಗೆ ಅಷ್ಟಾಗಿ ಬೇಡ, ಹಾಗಾಗಿ ಹಳ್ಳಕ್ಕೆ ಬರುತ್ತದೆ. ಪೊಟ್ಯಾಸಿಯಂ ಕಥೆ ಬೇರೆ. ಬೇರು ಎಳೆದುಕೊಳ್ಳುತ್ತದೆ, ಎಲೆ ಉದುರುತ್ತದೆ, ಮಳೆಗೆ ತೊಳೆದು ಮತ್ತೆ ಬೇರಿಗೇ ಬರುತ್ತದೆ. ಕ್ಯಾಲ್ಸಿಯಂ ಜೇಡಿಗೆ ಅಂಟುತ್ತದೆ, ಒಣ ನೆಲದಲ್ಲಿ ಸುಣ್ಣದ ಗಂಟೂ ಆಗುತ್ತದೆ. ನೀರಿನಲ್ಲಿ ಕಡಿಮೆ ಕಂಡಿತು ಅಂದರೆ ಬಂಡೆ ಕೊಟ್ಟಿಲ್ಲ ಅಂತ ಅಲ್ಲ.

ಸೋಡಿಯಂ ಜೊತೆ ಕ್ಲೋರೈಡ್ ಅಳೆಯದೆ ಇರಬೇಡಿ. ನಮ್ಮ ಬಂಡೆಯಲ್ಲಿ ಕ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಮಳೆ ತಂದ ಸೋಡಿಯಂ ಎಷ್ಟು ಅಂತ ಅದರಿಂದಲೇ ಕಳೆಯಬಹುದು. ನಾನು ಅಳೆದಿರಲಿಲ್ಲ. ಹಳ್ಳದಲ್ಲಿ ಸೋಡಿಯಂ ಚೆನ್ನಾಗಿ ಸಿಕ್ಕಿತು ಅಂತ ಖುಷಿಯಲ್ಲಿ ಎರಡು ತಿಂಗಳು ಪ್ಲೇಜಿಯೋಕ್ಲೇಸ್ ಮೇಲ್ಮೈ ಅಂಕಿ ತಿದ್ದುತ್ತಾ ಕೂತೆ. ಕೊನೆಗೆ ಕ್ಲೋರೈಡ್ ಅಳೆದರೆ ಅದೂ ಜಾಸ್ತಿ. ಹಳ್ಳದ ಮೇಲ್ಗಡೆಗೆ ನಡೆದುಕೊಂಡು ಹೋದೆ. ಒಂದು ಲೇಔಟಿನ ಯುಜಿಡಿ (ಒಳಚರಂಡಿ) ಪೈಪು ಅಲ್ಲಿ ಒಡೆದಿತ್ತು, ಆ ಉಪ್ಪು ಕೊಳಚೆಯದು. ಎರಡು ತಿಂಗಳು ಹೋಯಿತಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಊರಿಲ್ಲದ ಕಾಡಿನ ಹಳ್ಳದ ಅಂಕಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಬಂಡೀಪುರದ ಮೂಲೆಹೊಳೆಯಲ್ಲಿ 4 ಚದರ ಕಿಲೋಮೀಟರಿನಷ್ಟು ಜಲಾನಯನ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಇಂಡೋ-ಫ್ರೆಂಚ್ ತಂಡ ಅಲ್ಲಿ ವರ್ಷಗಟ್ಟಲೆ ಮಳೆ, ಮಣ್ಣು, ಹಳ್ಳ ಮೂರನ್ನೂ ಅಳೆದಿದೆ. ಅಲ್ಲಿಗೆ ವಿಚ್ (WITCH) ಅನ್ನುವ ಶಿಥಿಲೀಕರಣದ ಮಾಡೆಲ್ ಹಾಕಿದವರು ಬಂಡೆಯ ಖನಿಜದ ಜೊತೆ ಸ್ಮೆಕ್ಟೈಟ್, ಕೇಯೊಲಿನೈಟ್ ಜೇಡಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ನಿಮ್ಮ ಮಾಡೆಲಿನಲ್ಲಿ ಜೇಡಿ ಸುಮ್ನೆ ಕೂತಿದೆಯಾ, ಕರಗುತ್ತಾ ಹೊಸದಾಗಿ ಹುಟ್ಟುತ್ತಾ ಇದೆಯಾ? ಅದನ್ನು ಮತ್ತು ಕ್ಲೋರೈಡ್ ಅಂಕಿಯನ್ನು ಇಲ್ಲೇ ಬರೆಯಿರಿ, ಕೂತು ನೋಡೋಣ.