ಚಂದಾ ಒಂದೇ ಸಲ, ಜಗಳ ಆಮೇಲೆ

ಕಳೆದ ಸಂಚಿಕೆಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಯಹೂದಿ ಫೆಡರೇಶನ್ ಬಗ್ಗೆ ಒಂದು ಸಣ್ಣ ಟಿಪ್ಪಣಿ ಹಾಕಿದ್ದೆವು. ಊರಿನ ಯಹೂದಿ ಸಂಸ್ಥೆಗಳಿಗೆಲ್ಲ ಒಟ್ಟಿಗೆ ಚಂದಾ ಎತ್ತಿ ಹಂಚುವ ಒಕ್ಕೂಟ ಅದು, ಆ ಏರ್ಪಾಡನ್ನು ಟಿಪ್ಪಣಿಯಲ್ಲಿ ಮೆಚ್ಚಿಕೊಂಡಿದ್ದೆವು. ಅದನ್ನು ಓದಿ, ಅದೇ ಊರಿನಲ್ಲಿರುವ ಕನ್ನಡಿಗರೊಬ್ಬರು ಉದ್ದದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಕಾಗದದ ಮುಖ್ಯ ಭಾಗ ಇಷ್ಟು:

"ಇಲ್ಲಿ ವಾರಕ್ಕೊಬ್ಬರು ದೇಣಿಗೆ ಕೇಳ್ತಾರೆ. ದೇವಸ್ಥಾನ, ಕನ್ನಡ ಕೂಟ, ಊರಿನ ಶಾಲೆ, ಪ್ರವಾಹ ಪರಿಹಾರ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಅನ್ನೋಕಾಗಲ್ಲ. ನೀವು ಯಹೂದಿಗಳನ್ನು ಹೊಗಳಿದ್ದೀರಿ. ತಮ್ಮ ಜನಕ್ಕೆ ತಾವೇ ದುಡ್ಡು ಎತ್ತೋದು ನಮ್ಮ ಜಾತಿ ಸಂಘಗಳೂ ಮಾಡೋ ಕೆಲಸ ಅಲ್ವಾ? ಅದೂ ಅಲ್ಲದೆ ಅವರಲ್ಲಿ ಶ್ರೀಮಂತರು ಜಾಸ್ತಿ, ನಡೆಯುತ್ತೆ. ಆದರೂ ಕೇಳ್ತೀನಿ, ನಾವೂ ಹಾಗೆ ಒಂದು ನಿಧಿ ಶುರು ಮಾಡಿದರೆ ನಿಮ್ಮ ಪತ್ರಿಕೆಯಲ್ಲಿ ಮನವಿ ಹಾಕ್ತೀರಾ?"

ಪ್ರಿಯರೇ,

ನಿಮ್ಮ ಕಾಗದದ ಮೊದಲ ಸಾಲಿನಲ್ಲೇ ಫೆಡರೇಶನ್ನಿನ ಜನ್ಮಕಥೆ ಇದೆ. ಅದು ದೊಡ್ಡ ಆದರ್ಶದಿಂದ ಹುಟ್ಟಿದ್ದಲ್ಲ. ಕೊಡುವವರ ಬೇಸರದಿಂದ ಹುಟ್ಟಿದ್ದು.

1881ರ ನಂತರ ರಷ್ಯಾದಲ್ಲಿ ಯಹೂದಿಗಳ ಮೇಲೆ ಸಾಲು ಸಾಲಾಗಿ ದಾಳಿಗಳಾದವು. ದಾಳಿಗೆ ಹೆದರಿ, ಬಡತನ ತಾಳಲಾರದೆ, 1924ರ ಹೊತ್ತಿಗೆ ಪೂರ್ವ ಯುರೋಪಿನಿಂದ 20 ಲಕ್ಷಕ್ಕೂ ಹೆಚ್ಚು ಮಂದಿ ಅಮೆರಿಕಕ್ಕೆ ಬಂದಿಳಿದರು. ಬಂದವರಿಗೆ ಎಲ್ಲವೂ ಬೇಕಿತ್ತು. ಬಾಸ್ಟನ್ ಊರಿನಲ್ಲಿ ಒಂದು ಸಂಘ ಬಡ ಕುಟುಂಬಗಳಿಗೆ ನೆರವು ಕೊಡುತ್ತಿತ್ತು. ಹೆಂಗಸರ ಇನ್ನೊಂದು ಸಂಘ ಬಟ್ಟೆ ಹೊಲಿದು ಹಂಚುತ್ತಿತ್ತು. ಮತ್ತೊಂದು ಕೆಲಸ ಹುಡುಕಿಕೊಡುತ್ತಿತ್ತು. ಒಂದು ಸಂಘ ವೃದ್ಧರನ್ನೂ ಅನಾಥ ಮಕ್ಕಳನ್ನೂ ನೋಡಿಕೊಂಡರೆ, ಇನ್ನೊಂದು ದಿಕ್ಕಿಲ್ಲದವರ ಮಣ್ಣು ಮಾಡುತ್ತಿತ್ತು. ಇವರೆಲ್ಲ ಹೋಗಿ ಬಡಿಯುತ್ತಿದ್ದದ್ದು ಮಾತ್ರ ಅವೇ ಕೆಲವು ಮನೆಗಳ ಬಾಗಿಲನ್ನು. 1895ರಲ್ಲಿ ಈ ಐದೂ ಸಂಸ್ಥೆಗಳು ಒಂದು ಒಪ್ಪಂದಕ್ಕೆ ಬಂದವು. ವರ್ಷಕ್ಕೆ ಒಂದೇ ಸಲ ಎಲ್ಲರ ಪರವಾಗಿ ಚಂದಾ ಎತ್ತುವುದು. ಆಮೇಲೆ ಕೂತು ಹಂಚಿಕೊಳ್ಳುವುದು. ಅಮೆರಿಕದ ಮೊದಲ ಯಹೂದಿ ಫೆಡರೇಶನ್ ಎಂದು ಸಾಮಾನ್ಯವಾಗಿ ಕರೆಯುವುದು ಇದನ್ನೇ. ಮರುವರ್ಷ ಸಿನ್ಸಿನಾಟಿಯಲ್ಲಿ ಇಂಥದ್ದೇ ಒಂದಾಯಿತು. ನಿಮ್ಮ ಪಿಟ್ಸ್‌ಬರ್ಗ್‌ನಲ್ಲಿ ಆಗಿದ್ದು 1912ರಲ್ಲಿ. ಈಗ ಉತ್ತರ ಅಮೆರಿಕದಲ್ಲಿ 140ಕ್ಕೂ ಹೆಚ್ಚಿವೆ.

ಚಂದಾ ಎತ್ತುವ ಕಲೆ ನಮಗೂ ಗೊತ್ತು. ಗಣೇಶನ ಹಬ್ಬಕ್ಕೆ ಬೀದಿ ಬೀದಿಯಲ್ಲಿ ರಸೀದಿ ಪುಸ್ತಕ ಓಡಾಡುವುದನ್ನು ನೋಡಿಯೇ ಬೆಳೆದವರು ನಾವು. ಕಷ್ಟ ಇರುವುದು ಹಂಚುವುದರಲ್ಲಿ. ಯಹೂದಿಗಳ ಹಳೆಯ ಧರ್ಮಗ್ರಂಥ ಮಿಶ್ನಾದಲ್ಲಿ ಇದಕ್ಕೊಂದು ನಿಯಮವಿದೆ. ಬಡವರ ನಿಧಿಗೆ ಹಣ ಎತ್ತಲು ಕಡೇಪಕ್ಷ ಇಬ್ಬರು ಹೋಗಬೇಕು, ಹಂಚಲು ಮೂವರು ಕೂರಬೇಕು. ಮೂವರು ಯಾಕೆ? ಹಣದ ವ್ಯಾಜ್ಯ ತೀರಿಸಲು ಮೂವರು ನ್ಯಾಯಾಧೀಶರು ಬೇಕು, ಯಾರಿಗೆ ಎಷ್ಟು ಕೊಡಬೇಕು ಎನ್ನುವುದೂ ಒಂದು ತೀರ್ಪೇ ಎಂದು ಅವರ ವಾದ. 12ನೇ ಶತಮಾನದ ಪಂಡಿತ ಮೈಮೊನಿಡಿಸ್, ಇಂಥ ನಿಧಿ ಇಲ್ಲದ ಯಹೂದಿ ಸಮುದಾಯವನ್ನು ನಾನು ಕಂಡಿಲ್ಲ, ಕೇಳಿಲ್ಲ ಎಂದು ಬರೆದಿದ್ದಾನೆ.

ಫೆಡರೇಶನ್ ಈ ನಿಯಮಕ್ಕೆ ಆಫೀಸು, ಸಿಬ್ಬಂದಿ, ಆಡಿಟರು ಸೇರಿಸಿತು ಅಷ್ಟೆ. ವರ್ಷಕ್ಕೊಮ್ಮೆ ಅಭಿಯಾನ ನಡೆಯುತ್ತದೆ. ಒಂದು ಭಾನುವಾರ ಸ್ವಯಂಸೇವಕರು ಸಾಲಾಗಿ ಕೂತು ಊರಿನವರಿಗೆಲ್ಲ ಫೋನ್ ಮಾಡುತ್ತಾರೆ. ಆಮೇಲೆ ವೃದ್ಧಾಶ್ರಮ, ಶಾಲೆ, ಕೌಟುಂಬಿಕ ನೆರವಿನ ಸಂಸ್ಥೆ, ಸಮುದಾಯ ಭವನ ಎಲ್ಲವೂ ತಮ್ಮ ತಮ್ಮ ಬಜೆಟ್ ಹಿಡಿದು ಹಂಚಿಕೆ ಸಮಿತಿಯ ಮುಂದೆ ಬರುತ್ತವೆ. ಸಮಿತಿಯಲ್ಲಿ ಇರುವವರು ಹಣ ಕೊಟ್ಟವರೇ, ಸಂಬಳವಿಲ್ಲದ ಕೆಲಸ. ಅಲ್ಲಿ ಜಗಳ ಚೆನ್ನಾಗಿಯೇ ನಡೆಯುತ್ತದೆ. ಮಕ್ಕಳ ಶಾಲೆಗೆ ಜಾಸ್ತಿಯೋ, ಮುದುಕರ ಊಟಕ್ಕೆ ಜಾಸ್ತಿಯೋ ಎಂಬ ಪ್ರಶ್ನೆಗೆ ಸುಲಭದ ಉತ್ತರ ಎಲ್ಲಿದೆ? ಆದರೆ ಆ ಹೊತ್ತಿಗೆ ಹಣ ಪೆಟ್ಟಿಗೆಗೆ ಬಿದ್ದಾಗಿರುತ್ತದೆ. ಸೋತವರು ಮುಂದಿನ ವರ್ಷ ಮತ್ತೆ ಅದೇ ಮೇಜಿಗೆ ಬರಬೇಕು. ನಾವು ಟಿಪ್ಪಣಿಯಲ್ಲಿ ಮೆಚ್ಚಿಕೊಂಡದ್ದು ಈ ಏರ್ಪಾಡನ್ನು, ಅವರ ಉದಾರತನವನ್ನಲ್ಲ.

ಇನ್ನು ಶ್ರೀಮಂತರ ವಿಚಾರ. ಪಿಟ್ಸ್‌ಬರ್ಗ್‌ನಲ್ಲಿ ಇದು ಶುರುವಾದಾಗ ಯಹೂದಿಗಳಲ್ಲಿ ಬಹಳ ಜನ ಹಿಲ್ ಡಿಸ್ಟ್ರಿಕ್ಟ್‌ನ ಇಕ್ಕಟ್ಟಾದ ಮನೆಗಳಲ್ಲಿದ್ದರು. ಡಿಪಾರ್ಟ್‌ಮೆಂಟ್ ಸ್ಟೋರ್ ನಡೆಸುತ್ತಿದ್ದ ಕಾಫ್‌ಮನ್ ಮನೆತನ ಅಲ್ಲಿ ಐರೀನ್ ಕಾಫ್‌ಮನ್ ಸೆಟಲ್‌ಮೆಂಟ್ ಎಂಬ ವಲಸಿಗರ ನೆರವಿನ ಕೇಂದ್ರ ಕಟ್ಟಿಸಿತು, ನಿಜ. ಆದರೆ ಬಡ್ಡಿಯಿಲ್ಲದೆ ಸಾಲ ಕೊಡುವ ಹೀಬ್ರೂ ಫ್ರೀ ಲೋನ್ ಸಂಘ ಆ ಊರಲ್ಲಿ ಶುರುವಾದದ್ದು 1887ರಲ್ಲೇ. ಜಾಮೀನು ನಿಲ್ಲುವವರನ್ನು ಕರೆತಂದರೆ ಸಾಲ ಕೊಡುತ್ತಾರೆ. ಹಿಂದಿರುಗಿದ ಹಣ ಇನ್ನೊಬ್ಬರಿಗೆ ಹೋಗುತ್ತದೆ. ಇದಕ್ಕೆ ಕೋಟ್ಯಧೀಶರು ಬೇಕಾಗಿಲ್ಲ.

ಆಸ್ಪತ್ರೆಯ ಕಥೆ ಇನ್ನೂ ಚೆನ್ನಾಗಿದೆ. 1898ರಲ್ಲಿ ಕೆಲವು ಹೆಂಗಸರು ಸೇರಿ ಆಸ್ಪತ್ರೆ ನೆರವಿನ ಸಂಘ ಕಟ್ಟಿದರು. ಯಹೂದಿ ಡಾಕ್ಟರುಗಳಿಗೆ ಊರಿನ ಆಸ್ಪತ್ರೆಗಳಲ್ಲಿ ಕೆಲಸ ಸಿಗುವುದು ಕಷ್ಟವಾಗಿತ್ತು. ಯಿಡ್ಡಿಶ್ ಬಿಟ್ಟರೆ ಬೇರೆ ಭಾಷೆ ಬಾರದ, ಕೋಷರ್ (ತಮ್ಮ ಧರ್ಮದ ನಿಯಮದಂತೆ ಮಾಡಿದ್ದು) ಅಲ್ಲದ ಊಟ ಮುಟ್ಟದ ರೋಗಿಗಳ ಪಾಡಂತೂ ಕೇಳಲೇಬೇಡಿ. ಹತ್ತು ವರ್ಷ ಹಣ ಕೂಡಿಸಿ 1908ರಲ್ಲಿ ಆ ಹೆಂಗಸರು ಮಾಂಟಿಫಿಯೋರಿ ಆಸ್ಪತ್ರೆ ತೆರೆದರು. ಮುಂದೆ ಆ ಭೇದಭಾವ ಕಡಿಮೆಯಾಯಿತು, ತಮ್ಮದೇ ಪ್ರತ್ಯೇಕ ಆಸ್ಪತ್ರೆಯ ಅಗತ್ಯವೂ ಕಡಿಮೆಯಾಯಿತು. 1990ರಲ್ಲಿ ಅದನ್ನು ಮಾರಿಬಿಟ್ಟರು. ಬಂದದ್ದು ಏಳೂವರೆ ಕೋಟಿ ಡಾಲರ್. ಆ ಹಣದಿಂದ ಜ್ಯೂಯಿಶ್ ಹೆಲ್ತ್‌ಕೇರ್ ಫೌಂಡೇಶನ್ ಎಂಬ ಪ್ರತಿಷ್ಠಾನ ಕಟ್ಟಿದರು. ಅದು ಇವತ್ತು ಆ ಭಾಗದ ಎಚ್ಐವಿ ರೋಗಿಗಳ ಸರ್ಕಾರಿ ನೆರವಿನ ಹಣವನ್ನೂ ನಿಭಾಯಿಸುತ್ತದೆ. ರೋಗಿ ಯಾವ ಧರ್ಮದವರು ಎಂದು ಕೇಳುವುದಿಲ್ಲ. ಕೆಲಸ ಮುಗಿದ ಸಂಸ್ಥೆಯನ್ನು ಮಾರಿ, ಹಣವನ್ನು ಇನ್ನೊಂದು ಕೆಲಸಕ್ಕೆ ತಿರುಗಿಸುವ ಧೈರ್ಯ ನಮ್ಮ ಎಷ್ಟು ಟ್ರಸ್ಟುಗಳಿಗಿದೆ, ನೀವೇ ಹೇಳಿ.

ಆದರೆ ನಿಮ್ಮ ಮಾತಿನಲ್ಲಿ ನಿಜವೂ ಇದೆ. ಫೆಡರೇಶನ್‌ಗಳಲ್ಲಿ ದೊಡ್ಡ ದಾನಿಗಳ ಮಾತಿಗೆ ತೂಕ ಜಾಸ್ತಿ. ಪದಾಧಿಕಾರಿಗಳನ್ನು ಊರಿನ ಯಹೂದಿಗಳೆಲ್ಲ ಓಟು ಹಾಕಿ ಆರಿಸುವುದಿಲ್ಲ. ಕೆಲವು ದಶಕಗಳಿಂದ ಸಣ್ಣ ದಾನಿಗಳ ಸಂಖ್ಯೆ ಇಳಿಯುತ್ತಲೇ ಬಂದಿದೆ, ಮೊತ್ತ ಮಾತ್ರ ದೊಡ್ಡವರಿಂದ ನಿಂತಿದೆ. ಹಿಂದೆ ಇನ್ನೊಂದು ಪದ್ಧತಿ ಜೋರಾಗಿತ್ತು. ಊಟಕ್ಕೆ ಕರೆದು, ಎಲ್ಲರೂ ಕೂತ ಮೇಲೆ ಒಬ್ಬೊಬ್ಬರ ಹೆಸರಿನ ಚೀಟಿ ಹಿಡಿದು ಕೂಗುವುದು. ಹೆಸರು ಬಂದವರು ಎದ್ದು ಈ ವರ್ಷ ಎಷ್ಟು ಎಂದು ಸಭೆಯ ಮುಂದೆ ಹೇಳಬೇಕು. ಪಕ್ಕದಲ್ಲಿ ಬೀಗರು, ಎದುರಿಗೆ ವ್ಯಾಪಾರದ ಗಿರಾಕಿ. ಕಡಿಮೆ ಹೇಳೋಕಾಗುತ್ತಾ? ಕೊಟ್ಟವನಿಗೂ ಪಡೆದವನಿಗೂ ಪರಸ್ಪರ ಗೊತ್ತಾಗದ ದಾನವೇ ಮೇಲು ಎಂದು ಅದೇ ಮೈಮೊನಿಡಿಸ್ ಹೇಳಿದ್ದ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎನ್ನುವ ನಾವೂ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು ಬರೆಸುತ್ತೇವೆ, ಅದು ಬೇರೆ ವಿಚಾರ.

ಎತ್ತಿದ ಹಣದಲ್ಲಿ ಒಂದು ಪಾಲು ಹೊರದೇಶಕ್ಕೆ, ಅದರಲ್ಲೂ ಇಸ್ರೇಲಿಗೆ ಹೋಗುತ್ತದೆ. ಎಷ್ಟು ಹೋಗಬೇಕು, ಯಾವುದಕ್ಕೆ ಹೋಗಬೇಕು ಎಂಬ ಬಗ್ಗೆ ಅವರೊಳಗೇ, ಮುಖ್ಯವಾಗಿ ಎಳೆಯರಲ್ಲಿ, ಬಿಸಿ ಬಿಸಿ ವಾದವಿದೆ. ಆ ಸಿಟ್ಟನ್ನು ಹಂಚಿಕೆ ಸಮಿತಿಯೊಂದೇ ತಣಿಸಲಾರದು.

ಈಗ ಜಾತಿ ಸಂಘದ ಮಾತು. ವೀರಶೈವ ಮಹಾಸಭೆ 1904ರದ್ದು, ಒಕ್ಕಲಿಗರ ಸಂಘ 1906ರದ್ದು. ಪಿಟ್ಸ್‌ಬರ್ಗ್ ಫೆಡರೇಶನ್‌ಗೂ ಅವಕ್ಕೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಹಳ್ಳಿಯಿಂದ ಬಂದ ಹುಡುಗರಿಗೆ ಹಾಸ್ಟೆಲ್ ಕಟ್ಟಿದ ಜನರನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆ ಹಾಸ್ಟೆಲ್ಲುಗಳಲ್ಲಿ ಉಂಡು ಓದಿದವರು ಈ ಪತ್ರಿಕೆಯ ಓದುಗರಲ್ಲೂ ಬಹಳ ಮಂದಿ ಇರಬೇಕು. ಹಾಗಾಗಿ ಹೋಲಿಕೆ ತಪ್ಪಲ್ಲ. ಆದರೆ ಯಹೂದಿಗಳು ತಮ್ಮವರನ್ನು ತಾವೇ ನೋಡಿಕೊಂಡದ್ದಕ್ಕೆ ಇನ್ನೊಂದು ಕಾರಣವೂ ಇತ್ತು. 1654ರಲ್ಲಿ ಬ್ರೆಜಿಲ್‌ನಿಂದ 23 ಯಹೂದಿಗಳು ಈಗಿನ ನ್ಯೂಯಾರ್ಕ್‌ಗೆ ಬಂದರು. ಆಗ ಅದು ಡಚ್ಚರ ವಸಾಹತು. ಗವರ್ನರ್ ಸ್ಟಾಯ್ವೆಸೆಂಟ್ ಅವರನ್ನು ಓಡಿಸಲು ನೋಡಿದ. ವಸಾಹತು ನಡೆಸುತ್ತಿದ್ದ ಡಚ್ ಕಂಪನಿ ಮರುವರ್ಷ ಇರಲು ಬಿಟ್ಟಿತು, ಒಂದು ಷರತ್ತಿನ ಮೇಲೆ. ಅವರ ಬಡವರು ಕಂಪನಿಗಾಗಲಿ ಊರಿಗಾಗಲಿ ಭಾರವಾಗಬಾರದು, ಅವರವರೇ ಸಾಕಿಕೊಳ್ಳಬೇಕು. ಎಲ್ಲ ಕಡೆಯೂ ಅವರು ಹೊರಗಿನವರೇ ಆಗಿದ್ದರು. ಅವರ ಮನೆ ಸುಟ್ಟರೆ ನೀರು ಹೊಯ್ಯಲು ಬೇರೆ ಯಾರೂ ಬರುತ್ತಿರಲಿಲ್ಲ.

ಇವತ್ತು ಆ ಗೋಡೆ ಅಷ್ಟು ಎತ್ತರವಿಲ್ಲ. ನಿಮ್ಮ ಊರಿನ ಸ್ಕ್ವಿರಲ್ ಹಿಲ್‌ನಲ್ಲಿ ಯಹೂದಿ ಕೌಟುಂಬಿಕ ಸೇವಾ ಸಂಸ್ಥೆ ನಡೆಸುವ ಆಹಾರ ಭಂಡಾರವನ್ನು ನೀವು ನೋಡಿರಬಹುದು. ಸಾಮಾನು ಕೋಷರ್, ಆದರೆ ಆ ಸುತ್ತಿನ ಬಡವರು ಯಾರೇ ಬಂದರೂ ಕೊಡುತ್ತಾರೆ. ಭೂತಾನಿನಿಂದ ಹೊರದಬ್ಬಿಸಿಕೊಂಡು, ವರ್ಷಗಟ್ಟಲೆ ನೇಪಾಳದ ಶಿಬಿರಗಳಲ್ಲಿದ್ದ ನೇಪಾಳಿ ಮಾತಿನ ಜನ ಪಿಟ್ಸ್‌ಬರ್ಗ್‌ಗೆ ಸಾವಿರಗಟ್ಟಲೆ ಬಂದರಲ್ಲ, ಅವರಿಗೆ ಮನೆ, ಕೆಲಸ ಹುಡುಕಿಕೊಟ್ಟ ಸಂಸ್ಥೆಗಳಲ್ಲಿ ಈ ಕೌಟುಂಬಿಕ ಸೇವಾ ಸಂಸ್ಥೆಯೂ ಒಂದು. ಅವರಲ್ಲಿ ಬಹುಪಾಲು ಹಿಂದೂಗಳು. ಫ್ರೀ ಲೋನ್ ಸಂಘವೂ ಈಗ ಯಾವ ಧರ್ಮದವರಿಗಾದರೂ ಸಾಲ ಕೊಡುತ್ತದೆ. ನಮ್ಮ ಸಂಘಗಳಿಗೂ ಫೆಡರೇಶನ್‌ಗಳಿಗೂ ನಮಗೆ ಕಾಣುವ ವ್ಯತ್ಯಾಸ ಇದು. ಹುಟ್ಟಿನಲ್ಲಿ ವ್ಯತ್ಯಾಸವಿಲ್ಲ, ಬೆಳೆದ ದಿಕ್ಕಿನಲ್ಲಿದೆ. ನಮ್ಮಲ್ಲಿ ಸಂಘದ ಚುನಾವಣೆ ಬಂತೆಂದರೆ ಬ್ಯಾನರು, ಬಿರಿಯಾನಿ, ಕೋರ್ಟು.

2018ರ ಅಕ್ಟೋಬರ್ 27ರ ವಿಚಾರ ನಿಮಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆದರೂ ಬೇರೆ ಓದುಗರಿಗಾಗಿ ಹೇಳಬೇಕು. ಅಂದು ಶನಿವಾರ, ಯಹೂದಿಗಳ ವಾರದ ವಿಶ್ರಾಂತಿಯ ದಿನವಾದ ಶಬ್ಬಾತ್, ಪ್ರಾರ್ಥನೆಯ ಹೊತ್ತು. ಸ್ಕ್ವಿರಲ್ ಹಿಲ್‌ನ ಟ್ರೀ ಆಫ್ ಲೈಫ್ ಸಿನಗಾಗ್‌ಗೆ, ಅಂದರೆ ಯಹೂದಿ ಪ್ರಾರ್ಥನಾ ಮಂದಿರಕ್ಕೆ, ನುಗ್ಗಿದ ಬಂದೂಕುಧಾರಿ 11 ಜನರನ್ನು ಕೊಂದ. ಅದಕ್ಕೂ ಮುಂಚೆ, 2017ರಲ್ಲಿ, ಫೆಡರೇಶನ್ ಒಬ್ಬ ನಿವೃತ್ತ ಎಫ್‌ಬಿಐ ಅಧಿಕಾರಿಯನ್ನು ಭದ್ರತೆಗೆಂದೇ ಸಂಬಳ ಕೊಟ್ಟು ಇಟ್ಟುಕೊಂಡಿತ್ತು. ಅವರು ಸಿನಗಾಗ್‌ಗಳಿಗೆ ಹೋಗಿ, ಗುಂಡು ಹಾರಿದರೆ ಏನು ಮಾಡಬೇಕು ಎಂದು ತರಬೇತಿ ಕೊಟ್ಟಿದ್ದರು. ಶಬ್ಬಾತ್ ದಿನ ಫೋನ್ ಮುಟ್ಟದವರು ಯಹೂದಿಗಳಲ್ಲಿ ಬಹಳ ಜನ. ಟ್ರೀ ಆಫ್ ಲೈಫ್‌ನ ರಬ್ಬಿ (ಧರ್ಮಗುರು) ಜೆಫ್ರಿ ಮೈಯರ್ಸ್, ಫೋನ್ ಜೊತೆಗಿರಲಿ ಎಂಬ ಆ ಅಧಿಕಾರಿಯ ಸಲಹೆ ಕೇಳಿದ ಮೇಲೆ ಶಬ್ಬಾತ್‌ನಲ್ಲೂ ಫೋನ್ ಇಟ್ಟುಕೊಳ್ಳಲು ಶುರು ಮಾಡಿದ್ದರು. ಅಂದು ಪೊಲೀಸರಿಗೆ ಕರೆ ಮಾಡಿದ್ದು ಆ ಫೋನಿನಿಂದ.

ಭದ್ರತಾ ಅಧಿಕಾರಿಯ ಸಂಬಳಕ್ಕೆ ಕೊಡಿ ಎಂದು ಮನೆ ಮನೆಗೆ ಹೋದರೆ ಯಾರಾದರೂ ಕೊಡುತ್ತಿದ್ದರಾ? ಅನಾಥ ಮಗುವಿನ ಫೋಟೊ ಹಾಕಿದರೆ ಕೊಡುತ್ತಾರೆ. ಇಂಥ ಒಣ ಖರ್ಚಿಗೆ ಹಣ ಬರುವುದು, ಎಲ್ಲ ಒಂದೇ ಪೆಟ್ಟಿಗೆಗೆ ಬಿದ್ದು ಒಂದು ಸಮಿತಿ ತಣ್ಣಗೆ ಕೂತು ಯೋಚಿಸಿದಾಗ ಮಾತ್ರ.

ದಾಳಿಯಾದ ಮೇಲೆ ಎಲ್ಲೆಡೆಯಿಂದ ಹಣ ಹರಿದು ಬಂತು. ಅಮೆರಿಕದ ಮುಸ್ಲಿಮರೇ 2 ಲಕ್ಷ ಡಾಲರ್‌ಗೂ ಹೆಚ್ಚು ಕೂಡಿಸಿದರು. ಫೆಡರೇಶನ್ ತೆರೆದ ಸಂತ್ರಸ್ತರ ನಿಧಿ 60 ಲಕ್ಷ ಡಾಲರ್ ದಾಟಿತು. ಅದನ್ನು ಹಂಚಲು ಸ್ವತಂತ್ರ ಸಮಿತಿಯೊಂದನ್ನು ಮಾಡಿದರು. ಮುಂದಿನ ಮಾರ್ಚ್ ಹೊತ್ತಿಗೆ ಯಾರಿಗೆ ಎಷ್ಟು ಎಂಬ ಲೆಕ್ಕ ಊರ ಮುಂದಿತ್ತು. ಸತ್ತವರ ಮನೆಯವರಿಗೆ, ಗಾಯಗೊಂಡವರಿಗೆ, ಒಳಗೆ ಸಿಕ್ಕಿಕೊಂಡು ಬದುಕಿದವರಿಗೆ, ಪೊಲೀಸರಿಗೆ. ಅದೇ ಮಾರ್ಚ್‌ನಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ ಗುಂಡಿನ ದಾಳಿಯಾಯಿತು. ಆಗ ಪಿಟ್ಸ್‌ಬರ್ಗ್ ಯಹೂದಿಗಳ ಕಡೆಯಿಂದ 6 ಲಕ್ಷ ಡಾಲರ್‌ಗೂ ಮೀರಿ ಅಲ್ಲಿಗೆ ಹೋಯಿತು.

ನಿಮ್ಮ ನಿಧಿಯ ವಿಚಾರಕ್ಕೆ ಬರೋಣ. ದೇವಸ್ಥಾನ, ಕೂಟ, ಊರಿನ ಶಾಲೆ ಎಲ್ಲವನ್ನೂ ಒಂದೇ ಹಗ್ಗಕ್ಕೆ ಕಟ್ಟಲು ಹೋಗಬೇಡಿ. ಮೊದಲ ಸಭೆಯಲ್ಲೇ ಹರಿದುಹೋಗುತ್ತದೆ. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ 1970ರ ದಶಕದಲ್ಲೇ ಎದ್ದು ನಿಂತಿತು, ಅಂದರೆ ಕಟ್ಟಡಕ್ಕೆ ಹಣ ಎತ್ತುವುದು ನಿಮ್ಮೂರಿನ ಭಾರತೀಯರಿಗೆ ಗೊತ್ತು. ಗೋಪುರ ಕಣ್ಣಿಗೆ ಕಾಣುತ್ತದೆ. ಕೆಲಸ ಕಳೆದುಕೊಂಡ ಹುಡುಗನ ಮೂರು ತಿಂಗಳ ಬಾಡಿಗೆ ಕಾಣುವುದಿಲ್ಲ. ಮಗಳ ಬಾಣಂತನಕ್ಕೆ ಬಂದ ತಾಯಿ ಆಸ್ಪತ್ರೆ ಸೇರಿದರೆ ಬರುವ ಬಿಲ್ಲು, ತೀರಿಕೊಂಡವರ ದೇಹ ಊರಿಗೆ ಕಳಿಸುವ ಖರ್ಚು, ಇಂಥವಕ್ಕೆಲ್ಲ ಈಗ ಪ್ರತಿ ಸಲವೂ ವಾಟ್ಸಾಪಿನಲ್ಲಿ ಹೊಸದಾಗಿ ಬೇಡಬೇಕು. ಗೆಳೆಯರು ಜಾಸ್ತಿ ಇದ್ದವರಿಗೆ ಎರಡೇ ದಿನದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಬರುತ್ತದೆ, ಮೊನ್ನೆಯಷ್ಟೇ ಬಂದವರಿಗೆ ಏನೂ ಬರುವುದಿಲ್ಲ. ನಿಮ್ಮ ನಿಧಿ ಇದೊಂದಕ್ಕೇ ಇರಲಿ. ಎತ್ತಲು ಇಬ್ಬರು, ಹಂಚಲು ಬೇರೆ ಮೂವರು. ಆ ಮೂವರಲ್ಲಿ ಕೂಟದ ಅಧ್ಯಕ್ಷರು ಇರಬಾರದು. ಕನ್ನಡಿಗರಿಗೆ ಮಾತ್ರವೋ, ಪಕ್ಕದ ಮನೆಯ ತೆಲುಗರಿಗೂ ಉಂಟೋ ಎಂಬುದನ್ನು ಮೊದಲ ಅರ್ಜಿ ಬರುವ ಮುಂಚೆಯೇ ಬರೆದಿಟ್ಟುಕೊಳ್ಳಿ.

ಮನವಿ ಮಾತ್ರ ಹಾಕುವುದಿಲ್ಲ. ನಮ್ಮ ಮೇಜಿನ ಮೇಲೆ ಮನವಿಗಳ ರಾಶಿಯೇ ಇದೆ, ನಿಮಗೆ ಬೇಸರವಾದ ಹಾಗೆಯೇ ನಮ್ಮ ಓದುಗರಿಗೂ ಆಗಿದೆ. ಒಂದು ವರ್ಷ ನಡೆಸಿ, ಜಮಾ ಖರ್ಚು ಕಳಿಸಿ. ಪಡೆದವರ ಹೆಸರು ಬೇಡ, ದಾನಿಗಳ ಹೆಸರಂತೂ ಬೇಡವೇ ಬೇಡ. ಎಷ್ಟು ಬಂತು, ಎಷ್ಟು ಹೋಯಿತು, ಯಾವ ಅರ್ಜಿಗೆ ಇಲ್ಲ ಅಂದಿರಿ, ಯಾಕೆ ಅಂದಿರಿ, ಇಷ್ಟಿದ್ದರೆ ಸಾಕು. ಎರಡು ಪುಟವಾದರೂ ಪೂರ್ತಿ ಅಚ್ಚು ಹಾಕುತ್ತೇವೆ.

ಸಂಪಾದಕ